‘ಕ್‌ಕ್ಲಾಕ್!’ ಇರುವ ಪ್ರತಿಯೇ ಬೇಕಾ? ಒಂದು ಡೈನೋಸಾರ್ ಕಾದಂಬರಿ, ಐದು ಅವತಾರ

ನಮ್ಮಲ್ಲಿ ಕಾದಂಬರಿ ಮೊದಲು, ಸಿನಿಮಾ ಆಮೇಲೆ. ‘ಕಾದಂಬರಿ ಆಧಾರಿತ’ ಅನ್ನುವ ಸಾಲು ಟೈಟಲ್ ಕಾರ್ಡಿನಲ್ಲಿ ಬಂದರೆ ಚಿತ್ರಕ್ಕೆ ಒಂದು ತೂಕ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಇದೇ ವ್ಯವಹಾರ ತಿರುಗಾಮುರುಗಾ ನಡೆಯಿತು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ‘ಡಾಕ್ಟರ್’ ಎಂಬ ನಾಯಕನ ವಿಜ್ಞಾನ ಧಾರಾವಾಹಿ ‘ಡಾಕ್ಟರ್ ಹೂ’ವಿನಲ್ಲಿ, ಶನಿವಾರ ಸಂಜೆ ಬಿಬಿಸಿಯಲ್ಲಿ ಬಂದುಹೋದ ಕಥೆ ಒಂದೆರಡು ವರ್ಷ ಬಿಟ್ಟು ಜೇಬಿಗೆ ಹಿಡಿಸುವ ಪೇಪರ್‌ಬ್ಯಾಕ್ ಆಗಿ ಅಂಗಡಿಗೆ ಬರುತ್ತಿತ್ತು. ಆಗ ಮನೆಯಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಲು ಯಂತ್ರವಿರಲಿಲ್ಲ. ಮರುಪ್ರಸಾರ ಅಪರೂಪ. ಬಿಬಿಸಿಯವರೋ ಹಳೆಯ ಟೇಪುಗಳನ್ನು ಅಳಿಸಿ ಅದರ ಮೇಲೇ ಬೇರೆ ಕಾರ್ಯಕ್ರಮ ತುಂಬಿಸುತ್ತಿದ್ದರು. ಹಾಗಾಗಿ ಕಥೆಯನ್ನು ಮತ್ತೆ ಮುಟ್ಟಬೇಕೆಂದರೆ ಆ ಪುಸ್ತಕವೇ ಗತಿ. ಒಂದು ಇಡೀ ಪೀಳಿಗೆ ಡಾಕ್ಟರ್ ಹೂವನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಓದಿತು.

ಆ ಪುಸ್ತಕಗಳ ಹೆಸರು ಟಾರ್ಗೆಟ್. ಯೂನಿವರ್ಸಲ್-ಟ್ಯಾಂಡಮ್ ಎಂಬ ಪ್ರಕಾಶನ ಸಂಸ್ಥೆಯ ಮಕ್ಕಳ ವಿಭಾಗ ಅದು. 1973ರ ಮೇ ತಿಂಗಳಲ್ಲಿ, 60ರ ದಶಕದಲ್ಲಿ ಬೇರೊಬ್ಬರು ಪ್ರಕಟಿಸಿದ್ದ ಮೂರು ಡಾಕ್ಟರ್ ಹೂ ಕಾದಂಬರಿಗಳನ್ನು 25 ಪೆನ್ಸ್ ಬೆಲೆಗೆ ಮರುಮುದ್ರಿಸಿ ಶುರುವಿಟ್ಟರು. ಖರ್ಚಾದವು. 1974ರ ಜನವರಿಯಿಂದ ಹೊಸದಾಗಿ ಬರೆಸತೊಡಗಿದರು. ಮುಂದಿನ ಇಪ್ಪತ್ತು ವರ್ಷದಲ್ಲಿ ಒಂದೂವರೆ ನೂರಕ್ಕೂ ಹೆಚ್ಚು ಪುಸ್ತಕ ಬಂದವು. ಅದರಲ್ಲಿ 60ಕ್ಕೂ ಹೆಚ್ಚನ್ನು ಟೆರೆನ್ಸ್ ಡಿಕ್ಸ್ ಒಬ್ಬರೇ ಬರೆದರು. ನಮ್ಮ ಬಸ್‌ಸ್ಟ್ಯಾಂಡಿನ ಪತ್ತೇದಾರಿ ಕಾದಂಬರಿಗಳನ್ನು ನೆನೆಸಿಕೊಳ್ಳಿ: ಅದೇ ಗಾತ್ರ, ಅದೇ ಅಗ್ಗದ ಕಾಗದ, ಅದೇ ಕಣ್ಣು ಕುಕ್ಕುವ ಮುಖಪುಟ, ಅದೇ ವೇಗ.

ಇವುಗಳಲ್ಲಿ ‘ಒಂದೇ ಒಂದು ಕೊಳ್ಳಬೇಕು, ಯಾವುದು?’ ಎಂದು ಗೆಳೆಯರು ಕೇಳಿದಾಗ ನಾನು ಯೋಚಿಸದೇ ಹೇಳುವ ಹೆಸರು ‘ಡಾಕ್ಟರ್ ಹೂ ಆ್ಯಂಡ್ ದಿ ಡೈನೋಸಾರ್ ಇನ್ವೇಷನ್’. ಬರೆದವರು ಮಾಲ್ಕಮ್ ಹಲ್ಕ್. ಬಂದದ್ದು 1976ರ ಫೆಬ್ರವರಿಯಲ್ಲಿ. ಆದರೆ ಅಲ್ಲಿಗೆ ಪ್ರಶ್ನೆ ಮುಗಿಯುವುದಿಲ್ಲ, ಅಲ್ಲಿಂದಲೇ ಶುರು. ಈ ಒಂದೇ ಪುಸ್ತಕ ಐದು ರೂಪದಲ್ಲಿ ಸಿಗುತ್ತದೆ. ತಪ್ಪು ರೂಪ ಕೊಂಡು ಪೆಚ್ಚಾದವರಲ್ಲಿ ನಾನೂ ಒಬ್ಬ.

ಮೊದಲು, ಈ ಪುಸ್ತಕವೇ ಯಾಕೆ

ಟಿವಿಯಲ್ಲಿ ಈ ಕಥೆ ಬಂದದ್ದು 1974ರ ಜನವರಿ 12ರಿಂದ ಫೆಬ್ರವರಿ 16ರವರೆಗೆ, ಆರು ಕಂತು. ಡಾಕ್ಟರ್ ಪಾತ್ರದಲ್ಲಿ ಜಾನ್ ಪರ್ಟ್ವೀ. ಲಂಡನ್ ನಗರವನ್ನು ಖಾಲಿ ಮಾಡಿಸಲಾಗಿದೆ, ಬೀದಿಗಳಲ್ಲಿ ಡೈನೋಸಾರ್‌ಗಳು. ಆ ಗುಟ್ಟು ಬಿಟ್ಟುಕೊಡಬಾರದೆಂದು ಮೊದಲ ಕಂತಿನ ಶೀರ್ಷಿಕೆಯನ್ನು ಬರೀ ‘ಇನ್ವೇಷನ್’ ಎಂದಿಟ್ಟಿದ್ದರು. ಗುಟ್ಟೇನೋ ಉಳಿಯಿತು, ಮಾನ ಉಳಿಯಲಿಲ್ಲ. ಪರದೆಯ ಮೇಲೆ ಬಂದ ಡೈನೋಸಾರ್‌ಗಳು ರಬ್ಬರಿನ ಬೊಂಬೆಗಳು, ಬೊಂಬೆಗಳೆಂದು ಮೂರು ಮೈಲಿಯಿಂದ ತಿಳಿಯುತ್ತಿತ್ತು. ಡಾಕ್ಟರ್ ಹೂ ಅಭಿಮಾನಿಗಳು ಐವತ್ತು ವರ್ಷ ಕಳೆದರೂ ಆ ಟಿರಾನೊಸಾರಸ್ಸನ್ನು ನೆನೆದು ನಗುತ್ತಾರೆ.

ಕಾಗದದ ಮೇಲೆ ಬೊಂಬೆ ಇಲ್ಲವಲ್ಲ! ಹಲ್ಕ್ ತಮ್ಮ ಕಥೆಯನ್ನು ತಾವೇ ಕಾದಂಬರಿಯಾಗಿಸಿದಾಗ ಸೇಡು ತೀರಿಸಿಕೊಂಡ ಹಾಗೆ ಬರೆದಿದ್ದಾರೆ. ಆರಂಭವೇ ಬೇರೆ. ಶೂಗಿ ಮೆಕ್‌ಫರ್ಸನ್ ಅನ್ನುವ ಗ್ಲಾಸ್ಗೋದವನೊಬ್ಬ ಫುಟ್‌ಬಾಲ್ ಪಂದ್ಯಕ್ಕೆಂದು ಲಂಡನ್ನಿಗೆ ಬಂದವನು, ಕುಡಿದ ಅಮಲಿಳಿದು ಎಚ್ಚರಾಗಿ ನೋಡಿದರೆ ಊರಿಗೆ ಊರೇ ಖಾಲಿ. ಯಾಕೆಂದು ಅವನಿಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಟಿವಿಯಲ್ಲಿ ಇಲ್ಲದ ಈ ಒಬ್ಬ ಬಡಪಾಯಿಯ ಮೂಲಕ ಇಡೀ ನಗರದ ಬಿಕೋ ಅನ್ನುವ ಮೌನವನ್ನು ಓದುಗನ ಹೊಟ್ಟೆಗಿಳಿಸುತ್ತಾರೆ.

ಇನ್ನೊಂದು ಕಾರಣ ಖಳರು. ಹಲ್ಕ್ ಒಂದು ಕಾಲಕ್ಕೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು. ಅವರ ಕಥೆಗಳಲ್ಲಿ ಕೆಡುಕು ಕೊಂಬು ಹೊತ್ತು ಬರುವುದಿಲ್ಲ, ಒಳ್ಳೆಯ ಉದ್ದೇಶ ಹೊತ್ತು ಬರುತ್ತದೆ. ಇಲ್ಲಿ ಹೊಗೆ, ಕೊಳಕು, ಗದ್ದಲದಿಂದ ಬೇಸತ್ತವರು ಭೂಮಿಯನ್ನೇ ಹಿಂದಿನ ‘ಸುವರ್ಣಯುಗ’ಕ್ಕೆ ತಿರುಗಿಸಲು ಹೊರಟಿದ್ದಾರೆ, ಮಿಕ್ಕ ಮನುಕುಲ ಹುಟ್ಟಿಯೇ ಇರಲಿಲ್ಲ ಅನ್ನುವ ಹಾಗಾದರೂ ಪರವಾಗಿಲ್ಲ. ಡಾಕ್ಟರ್‌ನ ಗೆಳೆಯ ಕ್ಯಾಪ್ಟನ್ ಯೇಟ್ಸ್ ಕೂಡ ಅವರ ಜೊತೆ ಸೇರುತ್ತಾನೆ. ‘ಹಿಂದೆ ಎಲ್ಲ ಚೆನ್ನಾಗಿತ್ತು’ ಅನ್ನುವ ಮಾತು ಎಲ್ಲಿಗೆ ಹೋಗಿ ಮುಟ್ಟಬಹುದು ಎನ್ನುವುದಕ್ಕೆ ಹತ್ತು ವರ್ಷದ ಹುಡುಗರಿಗೆಂದು ಬರೆದ ಈ ಪುಸ್ತಕಕ್ಕಿಂತ ಚುರುಕಾದ ಉತ್ತರ ನಾನಂತೂ ಓದಿಲ್ಲ. ಹಲ್ಕ್ ಟಾರ್ಗೆಟ್‌ಗೆ ಬರೆದದ್ದು ಏಳೇ ಪುಸ್ತಕ, 1979ರಲ್ಲಿ ತೀರಿಕೊಂಡರು.

1976ರ ಮೊದಲ ಮುದ್ರಣ

ಎಲ್ಲರೂ ಬೆನ್ನುಹತ್ತುವುದು ಇದನ್ನೇ, ಅದಕ್ಕೆ ಕಾರಣ ಒಂದು ಸದ್ದು. ಮುಖಪುಟದಲ್ಲಿ ಟೆರೊಡಾಕ್ಟೈಲ್ ಎಂಬ ಹಾರುವ ಸರೀಸೃಪ ಡಾಕ್ಟರ್ ಮೇಲೆ ಎರಗುತ್ತಿದೆ, ಹಿಂದೆ ಟಿರಾನೊಸಾರಸ್, ಕಾಮಿಕ್ಸ್ ಶೈಲಿಯ ದಪ್ಪಕ್ಷರದಲ್ಲಿ ‘ಕ್‌ಕ್ಲಾಕ್!’ ಎಂದು ಸದ್ದು. ಬಿಡಿಸಿದವರು ಕ್ರಿಸ್ ಅಕಿಲಿಯೋಸ್. ಸೈಪ್ರಸ್‌ನ ಫಾಮಗುಸ್ತಾದಲ್ಲಿ 1947ರಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದವರು. ಟಾರ್ಗೆಟ್‌ನ ಮೊದಲ ವರ್ಷಗಳ ಮುಖಪುಟಗಳೆಲ್ಲ ಹೆಚ್ಚುಕಡಿಮೆ ಅವರವೇ. ಡಾಕ್ಟರ್‌ನ ಮುಖವನ್ನು ಸಣ್ಣ ಸಣ್ಣ ಚುಕ್ಕೆಗಳಿಂದ ಕಪ್ಪುಬಿಳುಪಿನಲ್ಲಿ ಕಟ್ಟಿ, ಸುತ್ತಲೂ ಬಣ್ಣ ಸಿಡಿಸುವುದು ಅವರ ಪದ್ಧತಿ. 2020ರಲ್ಲಿ ಅವರ ಡಾಕ್ಟರ್ ಹೂ ಚಿತ್ರಗಳ ದೊಡ್ಡ ಪುಸ್ತಕ ಬಂದಾಗ ಅದಕ್ಕಿಟ್ಟ ಹೆಸರೂ ‘ಕ್‌ಕ್ಲಾಕ್!’ ಎಂದೇ. ಅಷ್ಟು ಹೆಸರಾದ ಸದ್ದು. ಮರುವರ್ಷ ಅವರು ಹೋಗಿಬಿಟ್ಟರು.

ಈ ಪ್ರತಿಯನ್ನು ಗುರುತಿಸುವುದು ಹೇಗೆ? ಇಲ್ಲೇ ನಾನು ಮೋಸಹೋದದ್ದು. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ‘ಮೊದಲ ಆವೃತ್ತಿ’ ಎಂದು ಬರೆದು ಈ ಮುಖಪುಟದ ಚಿತ್ರವನ್ನೇ ಹಾಕಿದ್ದ. ಆರು ವಾರ ಕಾದೆ. ಲಕೋಟೆ ಒಡೆದರೆ ಒಳಗಿದ್ದದ್ದು ಎರಡು ವರ್ಷ ಆಮೇಲಿನ ಮರುಮುದ್ರಣ, ಬೇರೆಯದೇ ಚಿತ್ರ. ಕೇಳಿದರೆ, ಚಿತ್ರ ‘ಮಾದರಿಗಾಗಿ’ ಅಂತೆ. ಅವತ್ತಿನಿಂದ ಮೂರು ಫೋಟೋ ಕೇಳದೆ ನಾನು ದುಡ್ಡು ಕಳಿಸುವುದಿಲ್ಲ: ಮುಖಪುಟ, ಹಿಂಬದಿ, ಮತ್ತು ಶೀರ್ಷಿಕೆಪುಟದ ಮಗ್ಗುಲಿನ ಹಕ್ಕುಸ್ವಾಮ್ಯದ ಪುಟ. ಮೂರನೆಯದೇ ಮುಖ್ಯ. ಈ ಕಾಲದ ಟಾರ್ಗೆಟ್ ಪುಸ್ತಕಗಳಲ್ಲಿ ಈಗಿನ ಹಾಗೆ ಎಷ್ಟನೇ ಮುದ್ರಣವೆಂದು ತಿಳಿಸುವ, ಇಳಿಯುವ ಅಂಕಿಗಳ ಸಾಲು ಹುಡುಕಬೇಡಿ. ಮರುಮುದ್ರಣವಾದರೆ ಅದನ್ನು ಇಸವಿ ಸಮೇತ ಮಾತಿನಲ್ಲೇ ಹೇಳಿರುತ್ತಾರೆ. 1976 ಎಂದಿದ್ದು, ಅದರ ಕೆಳಗೆ ಮರುಮುದ್ರಣದ ಸಾಲು ಇಲ್ಲದಿದ್ದರೆ ನಿಮ್ಮ ಅದೃಷ್ಟ.

ಐಎಸ್‌ಬಿಎನ್ ನಂಬಿ ಕೂರಬೇಡಿ. ಮರುಮುದ್ರಣಕ್ಕೂ ಸಾಮಾನ್ಯವಾಗಿ ಅದೇ ಸಂಖ್ಯೆ ಮುಂದುವರಿಯುತ್ತಿತ್ತು. ಹಿಂಬದಿಯಲ್ಲಿ ಬಾರ್‌ಕೋಡ್ ಇದ್ದರಂತೂ ಅದು 1976ರದ್ದಲ್ಲ. ಇನ್ನೊಂದು ಸುಳಿವು ಪುಸ್ತಕದ ಬೆನ್ನಲ್ಲಿದೆ. 1983ರಲ್ಲಿ ಟಾರ್ಗೆಟ್‌ನವರಿಗೆ ಪುಸ್ತಕಗಳಿಗೆ ಕ್ರಮಸಂಖ್ಯೆ ಕೊಡುವ ಹುಮ್ಮಸ್ಸು ಬಂತು. ಅಷ್ಟರಲ್ಲಿ 73 ಪುಸ್ತಕ ಬಂದಾಗಿತ್ತು. ಬಂದ ಕ್ರಮದಲ್ಲಿ ಕೊಟ್ಟರೆ ಸರಿ ತಾನೇ? ಇಲ್ಲ, ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಕೊಟ್ಟರು! ಎಲ್ಲಕ್ಕಿಂತ ಮೊದಲು ಬಂದ, ಲೋಹದ ಕವಚದ ಖಳರಾದ ಡಾಲೆಕ್‌ಗಳ ಕಾದಂಬರಿ 16ನೆಯದಾಯಿತು, ಆಮೇಲೆ ಬಂದ ‘ಅಬಾಮಿನಬಲ್ ಸ್ನೋಮೆನ್’ 1 ಆಗಿ ಕೂತಿತು, ನಮ್ಮ ಡೈನೋಸಾರ್‌ಗೆ 22 ಸಿಕ್ಕಿತು. ನಗು ಬಂದರೂ ಸಂಗ್ರಹಕಾರನಿಗೆ ಇದು ವರ. 70ರ ದಶಕದ ಯಾವುದೇ ಶೀರ್ಷಿಕೆಯ ಬೆನ್ನ ಮೇಲೆ ಅಂಕಿ ಕಂಡರೆ ಅದು 1983 ಅಥವಾ ಆಮೇಲಿನ ಮುದ್ರಣ. ಬೇರೆ ಪುಟ ತೆರೆಯುವ ಅಗತ್ಯವೇ ಇಲ್ಲ.

ಇನ್ನು ಸ್ಥಿತಿ. ಇವು ಹೊಲಿದ ಪುಸ್ತಕಗಳಲ್ಲ, ಬೆನ್ನಿಗೆ ಅಂಟು ಬಳಿದವು. ಐವತ್ತು ವರ್ಷದ ಅಂಟು ಒಣಗಿ ಹಪ್ಪಳವಾಗಿರುತ್ತದೆ. ಪೂರ್ತಿ ಬಿಡಿಸಿದರೆ ‘ಪಟ್’ ಎಂದು ಮುರಿದು ಹಾಳೆಗಳು ಕಂತೆಕಂತೆಯಾಗಿ ಕೈಗೆ ಬರುತ್ತವೆ. ಕಾಗದ ಅಗ್ಗದ್ದು, ಆಮ್ಲ ಉಳಿದುಕೊಂಡದ್ದು; ಅಂಚಿನಿಂದ ಒಳಕ್ಕೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇದನ್ನು ದೋಷವೆನ್ನಲಾಗದು, ವಯಸ್ಸು. ಅಪ್ಪಟ ಬಿಳಿ ಹಾಳೆಯ 1976ರ ಪ್ರತಿ ಅಂತ ಯಾರಾದರೂ ತೋರಿಸಿದರೆ ನನಗೆ ಮೊದಲು ಅನುಮಾನ ಬರುತ್ತದೆ.

ಹಳೆ ಪುಸ್ತಕದ ವ್ಯಾಪಾರಿಗಳ ಇಂಗ್ಲಿಷ್‌ನಲ್ಲಿ ‘ಗುಡ್’ ಅಂದರೆ ಒಳ್ಳೆಯದು ಅಂತಲ್ಲ. ಮದುವೆ ಮಾತುಕತೆಯಲ್ಲಿ ‘ಹುಡುಗ ಪರವಾಗಿಲ್ಲ’ ಅಂದ ಹಾಗೆ. ‘ಫೈನ್’ ಅಂದರೆ ಹೊಸತರಂತೆ, ‘ವೆರಿ ಗುಡ್’ ಅಂದರೆ ಸಭ್ಯವಾಗಿ ಓದಿದ್ದು, ‘ಗುಡ್’ ಅಂದರೆ ಬೆನ್ನಲ್ಲಿ ಬಿಳಿ ಗೆರೆಗಳು, ಮೂಲೆ ಮಡಿಚಿದೆ, ಒಳಗೆ ಯಾವನೋ ಹುಡುಗ ಹೆಸರು ಬರೆದಿದ್ದಾನೆ. ‘ರೀಡಿಂಗ್ ಕಾಪಿ’ ಅಂದರೆ ಪುಟಗಳೆಲ್ಲ ಇವೆ, ಮಿಕ್ಕದ್ದು ಕೇಳಬೇಡಿ.

1978ರ ಮರುಮುದ್ರಣ

ನನ್ನ ಮನೆಗೆ ತಪ್ಪಿ ಬಂದ ಅತಿಥಿ ಇದೇ. ಮುಖಪುಟ ಜೆಫ್ ಕಮಿನ್ಸ್ ಅವರದು. ಅಕಿಲಿಯೋಸ್ ಕಾಮಿಕ್ಸ್‌ನ ಕಡೆ ವಾಲಿದರೆ ಕಮಿನ್ಸ್ ಫೋಟೋದ ಕಡೆ; ಚರ್ಮದ ಸುಕ್ಕು, ಬಟ್ಟೆಯ ಮಡಿಕೆ ಎಲ್ಲ ನಿಜವೆನಿಸುವ ಹಾಗೆ ಬಿಡಿಸುವ ಕೈ. ಕುಶಲತೆಯಲ್ಲಿ ಕಮ್ಮಿಯೇನಿಲ್ಲ, ಆದರೆ ‘ಕ್‌ಕ್ಲಾಕ್!’ ಇಲ್ಲ. ಆ ಒಂದು ಸದ್ದಿಲ್ಲದೆ ಈ ಪುಸ್ತಕ ಬಾಯಿ ಮುಚ್ಚಿಕೊಂಡ ಡೈನೋಸಾರಿನಂತೆ ಕಾಣುತ್ತದೆ. ಒಳಗಿನ ಕಥೆ ಅದೇ. ಅದೇ ಕಾಲದ ವಾಸನೆ, ಅದೇ ಸಣ್ಣ ಅಕ್ಷರ. ಚಿತ್ರದ ಹುಚ್ಚಿಲ್ಲದೆ ‘ಆ ಕಾಲದ ಒಂದು ಟಾರ್ಗೆಟ್ ಕೈಯಲ್ಲಿರಲಿ’ ಅನ್ನುವವರಿಗೆ ಇದು ಸಾಕು, ಮೊದಲ ಮುದ್ರಣದಷ್ಟು ಜನ ಇದರ ಹಿಂದೆ ಬೀಳುವುದೂ ಇಲ್ಲ. ಹಾಗೆಂದು ಮೊದಲ ಮುದ್ರಣದ ಬೆಲೆ ಕೊಟ್ಟು ಇದನ್ನು ತರಬೇಡಿ. ನಾನು ತಂದಾಯಿತಲ್ಲ, ಇಬ್ಬರು ಯಾಕೆ?

ಅಮೆರಿಕದ ಪಿನಾಕಲ್, 1979

ಅಮೆರಿಕದಲ್ಲಿ ಡಾಕ್ಟರ್ ಹೂ ಕಾಲೂರುತ್ತಿದ್ದ ಹೊತ್ತು. ಪಿನಾಕಲ್ ಬುಕ್ಸ್ ಎಂಬ ಸಂಸ್ಥೆ ಟಾರ್ಗೆಟ್‌ನಿಂದ ಹತ್ತು ಕಾದಂಬರಿ ಆರಿಸಿ ತಂದಿತು; ಮೂರನೆಯದು ಡೈನೋಸಾರ್. ಮುಖಪುಟ ಡೇವಿಡ್ ಮ್ಯಾನ್. ಈ ಸರಣಿಗೊಂದು ಸ್ವಾರಸ್ಯವಿದೆ: ಪುಸ್ತಕದ ಮುಂದೆ ವಿಜ್ಞಾನ ಕಥೆಗಾರ ಹಾರ್ಲನ್ ಎಲಿಸನ್ ಅವರ ಮುನ್ನುಡಿ. ಜಗಳಗಂಟ ಎಂದೇ ಹೆಸರಾದವರು, ಹೊಗಳುವಾಗಲೂ ಯಾರಿಗಾದರೂ ಒಂದೇಟು ಬೀಳಲೇಬೇಕು. ಮುನ್ನುಡಿಗಾಗಿ ಒಂದು ಪಿನಾಕಲ್ ಇಟ್ಟುಕೊಳ್ಳಬಹುದು. ಹತ್ತಕ್ಕೂ ಅದೇ ಮುನ್ನುಡಿಯಾದ್ದರಿಂದ ಅದು ಡೈನೋಸಾರ್‌ನದ್ದೇ ಆಗಬೇಕೆಂದಿಲ್ಲ. ಮೊದಲ ಖರೀದಿಗೆ ಬೇಡ. ಲಂಡನ್ನಿನ ಕಥೆಗೆ ಲಂಡನ್ನಿನ ಪುಸ್ತಕವೇ ಚೆಂದ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಮಾತ್ರ ಲೆಕ್ಕ ಬೇರೆ: ಅಲ್ಲಿನ ಹಳೆ ಪುಸ್ತಕದಂಗಡಿಯ ವಿಜ್ಞಾನ ಕಥೆಗಳ ಕಪಾಟಿನಲ್ಲಿ ಎದುರಾಗುವುದು ಟಾರ್ಗೆಟ್ ಅಲ್ಲ, ಪಿನಾಕಲ್ಲೇ. ಎದುರಾದರೆ ಬಿಡಬೇಡಿ.

ಬಿಬಿಸಿ ಬುಕ್ಸ್, 2016

ಟಾರ್ಗೆಟ್ 90ರ ದಶಕದ ನಡುವೆ ನಿಂತುಹೋಯಿತು. 2011ರಿಂದ ಬಿಬಿಸಿ ಬುಕ್ಸ್ ಹಳೆಯ ಟಾರ್ಗೆಟ್‌ಗಳಲ್ಲಿ ಆಯ್ದವನ್ನು ಮರುಮುದ್ರಿಸತೊಡಗಿತು. ಕಾದಂಬರಿಕಾರ ನೀಲ್ ಗೇಮನ್, ಡಾಕ್ಟರ್ ಹೂವನ್ನು 2005ರಲ್ಲಿ ಮತ್ತೆ ಟಿವಿಗೆ ತಂದ ರಸೆಲ್ ಟಿ ಡೇವಿಸ್‌ರಂಥವರು ಮೊದಲ ಕಂತಿನ ಪುಸ್ತಕಗಳಿಗೆ ಮುನ್ನುಡಿ ಬರೆದರು. ಡೈನೋಸಾರ್ ಬಂದದ್ದು 2016ರಲ್ಲಿ. ಜಾಣತನವೆಂದರೆ ಹಳೆಯ ಮುಖಪುಟದ ಚಿತ್ರವನ್ನೇ ಉಳಿಸಿಕೊಂಡದ್ದು. ‘ಕ್‌ಕ್ಲಾಕ್!’ ವಾಪಸ್ ಬಂತು! ಅಕ್ಷರ ಸ್ವಚ್ಛ, ಬೆನ್ನು ಗಟ್ಟಿ, ಚೀಲದಲ್ಲಿ ಹಾಕಿಕೊಂಡು ಮೆಟ್ರೋದಲ್ಲಿ ಓದಬಹುದು.

ಓದಲಿಕ್ಕೆ ಕೊಳ್ಳುವವರಿಗೆ ನನ್ನ ಉತ್ತರ ಇದು. ಚರ್ಚೆಯೇ ಬೇಡ. ‘ಅಯ್ಯೋ, ಮೂಲ ಅಲ್ಲವಲ್ಲ’ ಎಂದು ಮೂಗುಮುರಿಯುವ ಸಂಗ್ರಹಕಾರರನ್ನು ಕೇಳಬೇಡಿ. ಅವರಲ್ಲಿ ಬಹಳ ಜನ ತಮ್ಮ ಮೂಲಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ಓದುವುದು ಇದನ್ನೇ. ಒಂದೇ ಕೊರತೆಯೆಂದರೆ ಈ ಪ್ರತಿಗೆ ಇನ್ನೂ ಚರಿತ್ರೆಯಿಲ್ಲ. ಯಾವ ಹುಡುಗನೂ ಇದನ್ನು ಹೊದಿಕೆಯೊಳಗೆ ಟಾರ್ಚ್ ಹಿಡಿದು ಓದಿಲ್ಲ.

ಕೇಳುವ ಪುಸ್ತಕ

ಐದನೆಯದು ಕಾಗದವೇ ಅಲ್ಲ. ಬಿಬಿಸಿ ಆಡಿಯೋ 2007ರಲ್ಲಿ ಇಡೀ ಕಾದಂಬರಿಯನ್ನು ನಟ ಮಾರ್ಟಿನ್ ಜಾರ್ವಿಸ್ ಅವರಿಂದ ಓದಿಸಿತು. ಈ ಜಾರ್ವಿಸ್ 1974ರ ಮೂಲ ಧಾರಾವಾಹಿಯಲ್ಲಿ ಬಟ್ಲರ್ ಎಂಬ ಖಳಪಾತ್ರ ಮಾಡಿದ್ದವರು. ಮೂರು ದಶಕ ಬಿಟ್ಟು ಅದೇ ಕಥೆಯ ಎಲ್ಲ ಪಾತ್ರಕ್ಕೂ ದನಿ ಕೊಟ್ಟಂತಾಯಿತು. ಅಡುಗೆ ಮಾಡುತ್ತಾ, ಗಾಡಿ ಓಡಿಸುತ್ತಾ ಕೇಳಲು ಬಹಳ ಚೆನ್ನ. ಇಂಗ್ಲಿಷ್ ಕಾದಂಬರಿ ಓದಲು ಹಿಂಜರಿಯುವ ಮಕ್ಕಳಿಗೂ ಮೊದಲು ಇದನ್ನೇ ಕೇಳಿಸಿ. ಸಂಗ್ರಹದ ಮಾತು ಇಲ್ಲಿ ಬರುವುದಿಲ್ಲ, ಬಿಡಿ.

ಟಿವಿ ಕಥೆಯನ್ನೂ ನೋಡಬೇಕೆನ್ನುವವರಿಗೆ ಒಂದು ಸೂಚನೆ: ಮೊದಲ ಕಂತಿನ ಬಣ್ಣದ ಟೇಪು ಅಳಿಸಿಹೋಗಿ, ಉಳಿದದ್ದು ಕಪ್ಪುಬಿಳುಪಿನ ಫಿಲ್ಮ್ ಪ್ರತಿ ಮಾತ್ರ. ಮಿಕ್ಕ ಐದು ಬಣ್ಣದಲ್ಲಿವೆ. ಖಾಲಿ ಲಂಡನ್ನಿನ ಬೀದಿಗಳಿಗೆ ಆ ಕಪ್ಪುಬಿಳುಪೇ ಒಪ್ಪುತ್ತದೆ ಅಂತ ನನಗನ್ನಿಸುತ್ತದೆ, ಬೊಂಬೆಗಳೂ ಸ್ವಲ್ಪ ಮರೆಯಾಗುತ್ತವೆ.

ಹಾಗಾದರೆ ಎಲ್ಲಿ, ಹೇಗೆ

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ಗಳಲ್ಲಿ, ಬ್ರಿಗೇಡ್ ರಸ್ತೆಯ ಪಕ್ಕದ ಸೆಲೆಕ್ಟ್‌ನಲ್ಲಿ ಹಳೆ ವಿಜ್ಞಾನ ಕಥೆಗಳ ಕಪಾಟು ತಡಕುವುದು ಖುಷಿಯ ಕೆಲಸ, ಆದರೆ ಇಂಥದ್ದೇ ಟಾರ್ಗೆಟ್ ಬೇಕೆಂದು ಹೊರಟರೆ ನಿರಾಸೆಗೂ ತಯಾರಿರಿ. ಇವು ಸಿಗುವ ತವರು ದಾನವಾಗಿ ಬಂದ ಹಳೆ ಸಾಮಾನು ಮಾರುವ ಬ್ರಿಟನ್ನಿನ ಚಾರಿಟಿ ಅಂಗಡಿಗಳು, ವೇಲ್ಸ್ ಗಡಿಯ ಹೇ-ಆನ್-ವೈ ಎಂಬ ಪುಸ್ತಕದೂರು, ಮತ್ತು ಹರಾಜಿನ ಜಾಲತಾಣಗಳು. ಲಂಡನ್ ಕಡೆ ಇರುವ ನೆಂಟರು ರಜೆಗೆ ಬರುವಾಗ ಚಾಕೊಲೇಟ್ ಬದಲು ಇದನ್ನು ತರಲು ಹೇಳಿ. ಒಂದೂವರೆ ನೂರು ಪುಟ ದಾಟದ ಪುಸ್ತಕ ಯಾರ ಸೂಟ್‌ಕೇಸಿಗೂ ಭಾರವಲ್ಲ. ಅಂಚೆಯಲ್ಲಿ ತರಿಸಿದರೆ ಸಾಗಣೆಯ ಖರ್ಚು ಪುಸ್ತಕದ ಬೆಲೆಯನ್ನು ಮೀರುವುದು ಮಾಮೂಲು. ಆದ್ದರಿಂದ ಒಂದನ್ನೇ ತರಿಸಬೇಡಿ. ಅದೇ ಮಾರಾಟಗಾರನ ಬಳಿ ಹಲ್ಕ್ ಅವರ ‘ಕೇವ್ ಮಾನ್‌ಸ್ಟರ್ಸ್’, ‘ಗ್ರೀನ್ ಡೆತ್’ ಇದ್ದರೆ ಜೊತೆಗೆ ಕಟ್ಟಿಸಿಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ‘ಅಪರೂಪ’ ಅನ್ನುವ ಪದಕ್ಕೆ ಮಾರುಕಟ್ಟೆಯಲ್ಲಿ ಮಾನವೇ ಇಲ್ಲ. 70ರ ದಶಕದ ಟಾರ್ಗೆಟ್‌ಗಳು ಹುಡುಗರ ಕಿಸೆಗಾಸಿಗೆ ಹೇರಳವಾಗಿ ಮಾರಾಟವಾದವು. ಡೈನೋಸಾರ್‌ನ ಮೊದಲ ಮುದ್ರಣವೂ ಚೆಂದದ ಪುಸ್ತಕವೇ ಹೊರತು ಅಪರೂಪದ್ದಲ್ಲ. ನಿಜವಾಗಿ ಕೈಗೆ ಸಿಗದವು 80ರ ದಶಕದ ಕೊನೆ ಮತ್ತು 90ರ ಆರಂಭದ ಪುಸ್ತಕಗಳು. ಆ ಹೊತ್ತಿಗೆ ಓದುಗರು ಕರಗಿದ್ದರು. 1988ರ ‘ದಿ ವೀಲ್ ಇನ್ ಸ್ಪೇಸ್’ ಪೇಪರ್‌ಬ್ಯಾಕ್‌ಗೆ ಸಂಗ್ರಹಕಾರರು ಕೊಡುವ ಬೆಲೆಯಲ್ಲಿ ಡೈನೋಸಾರ್‌ಗಳ ಹಿಂಡನ್ನೇ ತರಬಹುದು, ಆದರೆ ಓದಿನ ಸುಖ ಡೈನೋಸಾರ್‌ನದೇ ಹೆಚ್ಚು. ಯಾರಾದರೂ 1976ರ ಹರಕು ಪ್ರತಿಗೆ ‘ಅಪರೂಪ’ ಎಂದು ಬೆಲೆ ಏರಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ.

ತಂದ ಮೇಲೆ ನಮ್ಮ ಹವೆಯ ಕಾಟ. ಇಂಗ್ಲೆಂಡಿನ ಚಳಿಯಲ್ಲಿ ನಲವತ್ತು ವರ್ಷ ಬಾಳಿದ ಪುಸ್ತಕ ಮಂಗಳೂರಿನ ಒಂದು ಆಷಾಢಕ್ಕೆ ಬೂಷ್ಟು ಹಿಡಿಯಬಹುದು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿ, ಆದರೆ ಬಾಯಿ ಬಿಗಿದು ಮುಚ್ಚಬೇಡಿ. ಒಳಗಿನ ತೇವ ಹೊರಬರಲು ದಾರಿಯಿರಲಿ. ಗೋಡೆಗೆ ತಾಗಿಸಿದ ಕಪಾಟಿನ ಕೆಳಗಿನ ಅರೆ ಗೆದ್ದಲಿಗೆ ಔತಣ, ಅಲ್ಲಿ ಬೇಡ. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಮಳೆಗಾಲದಲ್ಲಿ ಆಗಾಗ ಬದಲಿಸಿ. ಅಜ್ಜಿ ಹೇಳಿದ ಬೇವಿನೆಲೆ ಇಡುವುದಾದರೆ ಪೂರ್ತಿ ಒಣಗಿಸಿ ಇಡಿ, ಹಸಿ ಎಲೆಯ ಕಲೆ ಹೋಗುವುದಿಲ್ಲ. ಹರಿದ ಮೂಲೆಗೆ ಸೆಲ್ಲೋಟೇಪ್ ಮಾತ್ರ ಯಾವ ಕಾರಣಕ್ಕೂ ಹಚ್ಚಬೇಡಿ. ಹತ್ತು ವರ್ಷಕ್ಕೆ ಟೇಪು ಉದುರುತ್ತದೆ, ಅದರ ಕಂದು ಅಂಟು ಅಲ್ಲೇ ಉಳಿಯುತ್ತದೆ.

ನನ್ನ ಬಳಿ ಈಗ ಮೂರಿವೆ. ತಪ್ಪಿ ಬಂದ 1978ರದ್ದು ಅಟ್ಟದಲ್ಲಿ. 2016ರದ್ದು ಚೀಲದಲ್ಲಿ, ಮೂಲೆಗಳು ಆಗಲೇ ಮೊಂಡಾಗಿವೆ. 1976ರದ್ದು ಕೊನೆಗೂ ಸಿಕ್ಕಿತು, ‘ಗುಡ್’ ದರ್ಜೆಯಲ್ಲಿ. ಬೆನ್ನಲ್ಲಿ ನಾಲ್ಕು ಗೆರೆ. ಒಳಪುಟದಲ್ಲಿ ನೀಲಿ ಶಾಯಿಯಲ್ಲಿ ಒಬ್ಬ ಹುಡುಗನ ಹೆಸರು, ಪಕ್ಕದಲ್ಲಿ ಅವನೇ ಗೀಚಿದ ಒಂದು ಟಿರಾನೊಸಾರಸ್. ಹೆಸರು ಬರೆದಿರುವುದರಿಂದ ಬೆಲೆ ಇಳಿಸಿದ್ದೇನೆ ಎಂದು ಮಾರಾಟಗಾರ ಬರೆದಿದ್ದ. ಬಿಬಿಸಿಯ ಬೊಂಬೆಗಿಂತ ಆ ಚಿತ್ರ ಎಷ್ಟೋ ವಾಸಿ.